ಕಾಲರ್‌ಬೋನ್ ಮುರಿದಿದೆ, ಆರು ವಾರದಲ್ಲಿ ಸೈಕಲ್ ರೇಸ್ ಇದೆ. ಹೋಗಬಹುದಾ?

ತೀರ್ಥಹಳ್ಳಿ ರಸ್ತೆಯಲ್ಲಿ ಬಿದ್ದೆ ಅಂತ ಬರೆದಿದ್ದೀರಿ. ಈ ಸಲದ ರೇಸ್ ಬಿಟ್ಟುಬಿಡಿ.

ದೊಡ್ಡವರಲ್ಲಿ ಆ ಮೂಳೆ ಕೂಡಿಕೊಳ್ಳೋಕೆ ಸಾಮಾನ್ಯವಾಗಿ 6ರಿಂದ 12 ವಾರ ಬೇಕು. ನೋವು ಮಾತ್ರ ಅದಕ್ಕೂ ಮೊದಲೇ ಇಳಿಯುತ್ತೆ, ಎಡವಟ್ಟಾಗೋದು ಅಲ್ಲೇ. ನಾನೂ ಹಾಗೇ ಮೋಸ ಹೋದವನು. ಐದನೇ ವಾರ ಅಮ್ಮನ ಕಣ್ಣು ತಪ್ಪಿಸಿ ಸೈಕಲ್ ತೆಗೆದೆ. ಸಮತಟ್ಟು ರಸ್ತೆಯಲ್ಲಿ ಏನೂ ಅನ್ನಿಸಲಿಲ್ಲ. ಇಳಿಜಾರಲ್ಲಿ ಬ್ರೇಕ್ ಹಿಡಿದಾಗ ಮೈಭಾರವೆಲ್ಲ ಹ್ಯಾಂಡಲ್ ಮೇಲೆ ಬಂತು, ಭುಜದೊಳಗೆ ಚುಳುಕ್ ಅಂತು, ಬೆರಳು ತಾನಾಗೇ ಬ್ರೇಕ್ ಬಿಟ್ಟಿತು. ಆಗುಂಬೆ ಘಾಟಿಯ ತಿರುವಲ್ಲಿ ಹಾಗಾಗಿದ್ದರೆ? ಮಳೆಗಾಲದಲ್ಲಂತೂ ರಸ್ತೆಯಂಚಿಗೆ ಪಾಚಿ ಬೇರೆ.

ಡಾಕ್ಟರು ಒಪ್ಪಿದರೆ ಮನೆಯಲ್ಲೇ ಟ್ರೈನರ್‌ಗೆ (ಸೈಕಲ್ಲನ್ನು ನಿಂತಲ್ಲೇ ತುಳಿಯೋಕೆ ಹಿಡಿದಿಡುವ ಸ್ಟ್ಯಾಂಡ್) ಸೈಕಲ್ ಕಟ್ಟಿ, ನೆಟ್ಟಗೆ ಕೂತು, ತೋಳಿಗೆ ಭಾರ ಬೀಳದ ಹಾಗೆ ತುಳಿಯಿರಿ. ಅಭ್ಯಾಸ ನಿಂತರೆ ದಮ್ಮು ಎರಡು ಮೂರು ವಾರದಲ್ಲೇ ಇಳಿಯೋಕೆ ಶುರುವಾಗುತ್ತೆ, ನಿಜ. ಆದರೆ ಅದು ಮತ್ತೆ ಬರುವಂಥದ್ದು. ರಸ್ತೆಗೆ ಇಳಿಯೋದು ಎಕ್ಸ್‌ರೇಯಲ್ಲಿ ಮೂಳೆ ಕೂಡಿದ್ದು ಕಂಡ ಮೇಲೇ, ಅದೂ ಒಬ್ಬರೇ, ಗುಂಪಿನಲ್ಲಿ ಅಲ್ಲ.

ಬೆಲ್ಜಿಯಂನ ರೆಮ್ಕೊ ಇವೆನೆಪೂಲ್ 2020ರ ಆಗಸ್ಟ್‌ನಲ್ಲಿ ರೇಸಿನ ನಡುವೆ ಸೇತುವೆಯಿಂದ ಕೆಳಗೆ ಬಿದ್ದು ಸೊಂಟದ ಮೂಳೆ ಮುರಿದುಕೊಂಡಿದ್ದರು. ಮತ್ತೆ ರೇಸಿಗೆ ಇಳಿದದ್ದು 2021ರ ಮೇ ತಿಂಗಳಲ್ಲಿ. 2022ರಲ್ಲಿ ರಸ್ತೆ ಸೈಕ್ಲಿಂಗ್‌ನ ವಿಶ್ವ ಚಾಂಪಿಯನ್ ಆದರು. ನಮಗೇನು ಅಂಥ ಅವಸರ?

ಸೈಕಲ್ ಸವಾರಿಗಳನ್ನು ದಾಖಲಿಸಿ ಹಂಚಿಕೊಳ್ಳುವ ಸ್ಟ್ರಾವಾ ಆ್ಯಪಲ್ಲಿ ಗೆಳೆಯರ ಸವಾರಿ ನೋಡಿದಾಗ ಹೊಟ್ಟೆ ಉರಿಯುತ್ತೆ. ನಂಗೂ ಉರಿದಿತ್ತು. ಸದ್ಯಕ್ಕೆ ಆ ಆ್ಯಪನ್ನೇ ಫೋನಿಂದ ತೆಗೆದುಹಾಕಿ.