ಲೆಟ್ರೊಜೋಲ್ ಮಾತ್ರೆಯೂ ಕೀಲು ನೋವೂ

ಪ್ರಶ್ನೆ: ನನಗೆ 58 ವರ್ಷ. ಸ್ತನ ಕ್ಯಾನ್ಸರ್‌ಗೆ ಆಪರೇಷನ್, ರೇಡಿಯೇಷನ್ ಮುಗಿದು ಈಗ ದಿನಕ್ಕೊಂದು ಲೆಟ್ರೊಜೋಲ್ ಮಾತ್ರೆ ನಡೆಯುತ್ತಿದೆ. ಬೆಳಗ್ಗೆ ಬೆರಳು ಮಡಚಲಾಗುವುದಿಲ್ಲ, ಹೂ ಕಟ್ಟುವುದನ್ನೇ ಬಿಟ್ಟಿದ್ದೇನೆ. ಮೆಟ್ಟಿಲು ಇಳಿಯುವಾಗ ಮಂಡಿ ಹಿಡಿಯುತ್ತದೆ. ಓರಗಿತ್ತಿ ಗ್ಲುಕೋಸಮೀನ್ ಮಾತ್ರೆ, ಅರಿಶಿನದ ಕ್ಯಾಪ್ಸೂಲ್ ತಂದುಕೊಟ್ಟಿದ್ದಾರೆ. ತೆಗೆದುಕೊಳ್ಳಲೇ? ಲೆಟ್ರೊಜೋಲ್ ಕೆಲವು ದಿನ ನಿಲ್ಲಿಸಬಹುದೇ?
– ಓದುಗರು, ಅರಸೀಕೆರೆ

ಉತ್ತರ: ಕೊನೆಯ ಪ್ರಶ್ನೆಯೇ ನನಗೆ ಆತಂಕದ್ದು. ದಯವಿಟ್ಟು ನೀವಾಗಿಯೇ ನಿಲ್ಲಿಸಬೇಡಿ. ಮುಟ್ಟು ನಿಂತ ಮೇಲೂ ದೇಹದಲ್ಲಿ ಅಷ್ಟಿಷ್ಟು ಈಸ್ಟ್ರೊಜೆನ್ ಎಂಬ ಹೆಣ್ಣು ಹಾರ್ಮೋನು ತಯಾರಾಗುತ್ತಿರುತ್ತದೆ. ಲೆಟ್ರೊಜೋಲ್ ಅದನ್ನು ತಡೆದು ಕ್ಯಾನ್ಸರ್ ಮರುಕಳಿಸುವ ಸಾಧ್ಯತೆಯನ್ನು ತಗ್ಗಿಸುತ್ತದೆ. ಈಸ್ಟ್ರೊಜೆನ್ ಇಳಿದಾಗಲೇ ಕೀಲುಗಳೂ ಬಿಗಿಯುತ್ತವೆ. ಈ ಬಗೆಯ ಮಾತ್ರೆ ಸೇವಿಸುವವರಲ್ಲಿ ಸುಮಾರು ಅರ್ಧದಷ್ಟು ಮಂದಿಗೆ ನಿಮ್ಮಂಥದೇ ನೋವು ಬರುತ್ತದೆ.

ಜೀವ ಉಳಿಯಿತಲ್ಲ, ಬೆರಳು ನೋವನ್ನೇನು ಹೇಳುವುದು ಎಂದು ಎಷ್ಟೋ ಹೆಂಗಸರು ಸುಮ್ಮನಿದ್ದುಬಿಡುತ್ತಾರೆ. ನೀವು ಹೇಳಲೇಬೇಕು. ಹೂ ಕಟ್ಟಲಾಗದ ವಿಷಯವನ್ನೂ ಹೇಳಿ. ನೋವು ಎಷ್ಟಿದೆ ಎಂಬುದು ಅದರಿಂದಲೇ ಗೊತ್ತಾಗುತ್ತದೆ. ನಿಮ್ಮ ಕ್ಯಾನ್ಸರ್ ತಜ್ಞರು ಕೆಲವು ವಾರ ಬಿಡುವು ಕೊಟ್ಟು ಇದೇ ಬಗೆಯ ಅನಸ್ಟ್ರೊಜೋಲ್ ಅಥವಾ ಎಕ್ಸೆಮೆಸ್ಟೇನ್‌ಗೆ ಬದಲಿಸಬಹುದು. ಒಂದು ಒಗ್ಗದವರಿಗೆ ಇನ್ನೊಂದು ಒಗ್ಗುವುದುಂಟು. ನೋವಿಗೆ ಡುಲೊಕ್ಸೆಟಿನ್ ಎಂಬ ಔಷಧ ಕೊಡುವುದೂ ಉಂಟು.

ಗ್ಲುಕೋಸಮೀನ್ ತೆಗೆದುಕೊಂಡವರಲ್ಲಿ ಕೆಲವರಿಗೆ ಹಾಯೆನಿಸಿದ್ದು ನಿಜ. ಆದರೆ ಇದೇ ನೋವಿಗೆ ಇನ್ನೊಂದು ಪೂರಕವಾದ ಮೀನೆಣ್ಣೆಯ ಒಮೆಗಾ-3 ಪರೀಕ್ಷಿಸಿದಾಗ, ಔಷಧವಿಲ್ಲದ ಹುಸಿ ಮಾತ್ರೆ ನುಂಗಿದವರಿಗೂ ನೋವು ಅಷ್ಟೇ ಇಳಿದಿತ್ತು. ಹಾಗಾಗಿ ಇಂಥವಕ್ಕೆ ದುಡ್ಡು ಸುರಿಯಿರಿ ಎನ್ನಲು ನನಗೆ ಮನಸ್ಸಿಲ್ಲ. ರಕ್ತ ತೆಳುವಾಗಿಸುವ ವಾರ್ಫರಿನ್ ಸೇವಿಸುತ್ತಿದ್ದರೆ ಗ್ಲುಕೋಸಮೀನ್ ಬೇಡ. ಸಿಗಡಿ, ಏಡಿಯ ಅಲರ್ಜಿ ಇರುವವರೂ ಎಚ್ಚರವಹಿಸಬೇಕು. ಅದನ್ನು ಹೆಚ್ಚಾಗಿ ಅವುಗಳ ಚಿಪ್ಪಿನಿಂದಲೇ ತೆಗೆಯುತ್ತಾರೆ. ಸಾರಿಗೆ ಹಾಕುವ ಅರಿಶಿನಕ್ಕೆ ನನ್ನ ತಕರಾರಿಲ್ಲ. ಕ್ಯಾಪ್ಸೂಲ್ ಬೇರೆ ಮಾತು: ಕಾಳುಮೆಣಸಿನ ಸತ್ವ ಸೇರಿಸಿದ ಅಂಥವುಗಳಿಂದ ಯಕೃತ್ತಿಗೆ ಪೆಟ್ಟು ಬಿದ್ದ ಪ್ರಕರಣಗಳಿವೆ.

ನಾನು ನಿಜವಾಗಿ ನಂಬುವುದು ವ್ಯಾಯಾಮವನ್ನು. 2015ರಲ್ಲಿ ಪ್ರಕಟವಾದ ಅಮೆರಿಕದ ಅಧ್ಯಯನವೊಂದರಲ್ಲಿ, ಇದೇ ಬಗೆಯ ಮಾತ್ರೆ ಸೇವಿಸುತ್ತಿದ್ದ ಮಹಿಳೆಯರು ವಾರಕ್ಕೆ 150 ನಿಮಿಷ ಚುರುಕು ನಡಿಗೆ, ಎರಡು ದಿನ ಭಾರ ಎತ್ತುವ ವ್ಯಾಯಾಮ ಮಾಡಿದರು. ವರ್ಷದ ಕೊನೆಗೆ ಅವರ ನೋವು ಶೇ 30ರ ಆಸುಪಾಸು ಇಳಿಯಿತು. ನೀವು ಹತ್ತು ನಿಮಿಷದ ನಡಿಗೆಯಿಂದ ಆರಂಭಿಸಿ. ಭಾರ ಎತ್ತುವುದನ್ನು ಫಿಸಿಯೋಥೆರಪಿಸ್ಟ್ ಬಳಿ ಕಲಿತುಕೊಳ್ಳಿ. ಎದ್ದ ಕೂಡಲೇ ಕೈಗಳನ್ನು ಉಗುರುಬೆಚ್ಚಗಿನ ನೀರಿನಲ್ಲಿಟ್ಟು ಬೆರಳುಗಳನ್ನು ನಿಧಾನವಾಗಿ ಮಡಚಿ, ಬಿಡಿಸಿ. ಲೆಟ್ರೊಜೋಲ್ ಮೂಳೆಯನ್ನೂ ಸವೆಸುವುದರಿಂದ ಮೂಳೆಯ ಸಾಂದ್ರತೆ ಅಳೆಯುವ ಡೆಕ್ಸಾ ಸ್ಕ್ಯಾನ್, ವಿಟಮಿನ್ ಡಿ ಬಗ್ಗೆ ವಿಚಾರಿಸಿ.

ಬೆನ್ನಿನಲ್ಲೋ ಸೊಂಟದಲ್ಲೋ ಒಂದೇ ಜಾಗದಲ್ಲಿ ಹೊಸ ನೋವು ಕಾಣಿಸಿಕೊಂಡು ರಾತ್ರಿ ನಿದ್ದೆಗೆಡಿಸಿದರೆ ಮುಂದಿನ ತಪಾಸಣೆಯವರೆಗೆ ಕಾಯದೆ ವೈದ್ಯರಲ್ಲಿಗೆ ಹೋಗಿ. ಓರಗಿತ್ತಿ ಕೊಟ್ಟ ಎರಡೂ ಡಬ್ಬಿಗಳನ್ನು ತಪಾಸಣೆಗೆ ಕೊಂಡೊಯ್ದು ತೋರಿಸಿ.