ಹೃದಯ ಬಲಕ್ಕಿದ್ದರೆ ಮಲಗಿದ ಮಗ್ಗುಲು ಕಾರಣವೇ?

ಪ್ರಶ್ನೆ: ಆರು ವರ್ಷದ ಮಗನಿಗೆ ಕೆಮ್ಮು ಅಂತ ಎಕ್ಸ್-ರೇ ತೆಗೆಸಿದೆವು. ಹೃದಯ ಬಲಗಡೆ ಇದೆ ಅಂದರು. ಸ್ಕ್ಯಾನ್ ಮಾಡಿಸಿದರೆ ಲಿವರ್ ಎಡಕ್ಕೆ, ಜಠರ ಬಲಕ್ಕೆ. "ಬಸುರಿಯಲ್ಲಿ ನೀನು ಬಲಮಗ್ಗುಲಲ್ಲೇ ಮಲಗ್ತಿದ್ದೆ, ಅದಕ್ಕೇ ಹೀಗೆ" ಅಂತಾರೆ ಅತ್ತೆ. ಹೌದಾ ಡಾಕ್ಟ್ರೇ?
– ಒಬ್ಬ ತಾಯಿ, ಹಾಸನ

ಉತ್ತರ: ಅಲ್ಲಮ್ಮ. ಎಡ-ಬಲದ ತೀರ್ಮಾನ ಗರ್ಭ ಕಟ್ಟಿದ ಮೂರು-ನಾಲ್ಕನೇ ವಾರಕ್ಕೇ ಮುಗಿದಿರುತ್ತದೆ. ಆಗ ಭ್ರೂಣ ಸಾಸಿವೆ ಕಾಳಿನಷ್ಟು. ಮುಟ್ಟು ತಪ್ಪಿ ವಾರ ಆಗಿತ್ತೋ ಇಲ್ಲವೋ. ಅತ್ತೆಗೆ ಸುದ್ದಿ ಕೂಡ ಮುಟ್ಟಿರುವುದಿಲ್ಲ!

ಆ ಭ್ರೂಣದ ನಡುಗೆರೆಯಲ್ಲಿ ಒಂದು ಪುಟ್ಟ ಗುಳಿ. ಅದರ ತಳದಲ್ಲಿ ಸಿಲಿಯಾ ಎಂಬ ಸಣ್ಣ ಎಳೆಗಳು ಗಿರಗಿರ ತಿರುಗುತ್ತವೆ. ನೆಟ್ಟಗೆ ನಿಲ್ಲದೆ ಹಿಂದಕ್ಕೆ ವಾಲಿರುವುದರಿಂದ ಗುಳಿಯೊಳಗಿನ ದ್ರವವನ್ನು ಎಡಕ್ಕೆ ತಳ್ಳುತ್ತವೆ. 1998ರಲ್ಲಿ ಟೋಕಿಯೊದ ನೊಬುಟಾಕ ಹಿರೊಕಾವಾ ತಂಡ ಇಲಿ ಭ್ರೂಣದಲ್ಲಿ ಇದನ್ನು ಕಂಡಿತು. 2002ರಲ್ಲಿ ಜಪಾನಿನವರೇ ದ್ರವವನ್ನು ಬೇಕಂತಲೇ ಬಲಕ್ಕೆ ಹರಿಸಿದರು. ಎಡ-ಬಲ ಅದಲುಬದಲಾಯಿತು!

ಆ ಹರಿವಿನ ಸುಳಿವು ಸಿಕ್ಕಿದ್ದೇ ನೋಡಲ್ ಎಂಬ ಜೀನ್ ಎಡಗಡೆ ಮಾತ್ರ ಚುರುಕಾಗುತ್ತದೆ. ಲೆಫ್ಟಿ ಎಂಬ ಇನ್ನೊಂದು, ಅದು ಬಲಕ್ಕೆ ದಾಟದ ಹಾಗೆ ಬೇಲಿ ಹಾಕುತ್ತದೆ. ಪಿಟಿಎಕ್ಸ್2 ಎಂಬ ಮೂರನೇ ಜೀನನ್ನು ನೋಡಲ್ ಎಬ್ಬಿಸುತ್ತದೆ; ಅದು ಎದ್ದ ಕಡೆ ಎಡಗಡೆಯ ಅಂಗ. ಎಡ ಶ್ವಾಸಕೋಶಕ್ಕೆ ಎರಡು ಹಾಲೆ, ಬಲಕ್ಕೆ ಮೂರು ಆಗೋದು ಹೀಗೇ.

ಎಳೆಗಳು ತಿರುಗದೇ ಹೋದರೆ? ಎಲ್ಲರದ್ದೂ ಉಲ್ಟಾ ಆಗಬೇಕಿತ್ತು ಅಲ್ವಾ? ಆಗುವುದು ಸುಮಾರು ಅರ್ಧ ಜನರಿಗೆ. ದಾರಿ ತೋರಿಸುವವರಿಲ್ಲ, ನಾಣ್ಯ ಚಿಮ್ಮಿದ ಹಾಗೆ.

ಮೂಗು, ಶ್ವಾಸನಾಳದಲ್ಲಿ ಕಫ ಗುಡಿಸುವುದೂ ಇಂಥ ಎಳೆಗಳೇ. ಅವುಗಳ ಮೋಟಾರಾದ ಡೈನೀನ್ ಕೆಲವರಲ್ಲಿ ಇಲ್ಲ ಅಂತ 1976ರಲ್ಲಿ ಸ್ವೀಡನ್ನಿನ ಬ್ಯೋರ್ನ್ ಅಫ್ಜೆಲಿಯಸ್ ತೋರಿಸಿದರು. ಹಾಗಾಗಿ ನನಗೆ ಹೃದಯಕ್ಕಿಂತ ಕೆಮ್ಮಿನ ಮೇಲೇ ಜಾಸ್ತಿ ಅನುಮಾನ. ಹುಟ್ಟಿದಾಗಿನಿಂದ ಕಫದ ಕೆಮ್ಮು, ಸದಾ ಸುರಿಯುವ ಮೂಗು, ಕಿವಿ ಸೋರುವುದು ಇದ್ದರೆ ಶ್ವಾಸಕೋಶದ ತಜ್ಞರಿಗೆ ತೋರಿಸಿ. ಹೃದಯದ ಎಕೋ ಕೂಡ ಮಾಡಿಸಿ. ಎಳೆಗಳ ದೋಷವೇ ಆಗಿದ್ದರೆ, ಸಾಮಾನ್ಯವಾಗಿ ಕೆಟ್ಟ ಜೀನ್ ಅಮ್ಮನಿಂದ ಒಂದು, ಅಪ್ಪನಿಂದ ಒಂದು ಬಂದಿರುತ್ತದೆ. ಅಂದರೆ ಅತ್ತೆಯವರ ಮನೆತನದ್ದೂ ಪಾಲಿದೆ. ಹೇಳೋದು ಬಿಡೋದು ನಿಮಗೆ ಬಿಟ್ಟಿದ್ದು.

ಕೆಮ್ಮು ಸಾದಾ ನೆಗಡಿಯದ್ದೇ ಆಗಿದ್ದು, ಎಲ್ಲ ಅಂಗವೂ ಕನ್ನಡಿಯಲ್ಲಿ ಕಂಡ ಹಾಗೆ ಪೂರ್ತಿ ಉಲ್ಟಾ ಇದ್ದರೆ ಸಾಮಾನ್ಯವಾಗಿ ತೊಂದರೆಯಿಲ್ಲ. ಅರ್ಧಂಬರ್ಧ ತಿರುಗಿದ್ದರೇ ಕಷ್ಟ. ಸುಮಾರು 10,000 ಜನರಲ್ಲಿ ಒಬ್ಬರು ನಿಮ್ಮ ಮಗನ ಥರ ಇರುತ್ತಾರೆ. ನಾನು 28 ವರ್ಷ ಅನಾಟಮಿ ಪಾಠ ಮಾಡಿದೆ. ಇಂಥ ದೇಹ ಸಿಕ್ಕಿದ್ದು ಒಂದೇ ಸಲ. ಹೊಟ್ಟೆ ಬಿಡಿಸಿದ ಹುಡುಗರು "ಸಾರ್, ಲಿವರೇ ಇಲ್ಲ!" ಅಂತ ಓಡಿ ಬಂದರು. ಎಡಗಡೆ ಆರಾಮಾಗಿ ಕೂತಿತ್ತು. ಎಪ್ಪತ್ತು ದಾಟಿದ ಅಜ್ಜ. ಬದುಕಿದ್ದಾಗ ಅವರಿಗೆ ಗೊತ್ತಿತ್ತೋ ಇಲ್ಲವೋ.

ಒಂದು ಚೀಟಿಯಲ್ಲಿ ಬರೆದು ಮಗನ ಸ್ಕೂಲ್ ಬ್ಯಾಗಿನಲ್ಲಿಡಿ. ಇವನಿಗೆ ಅಪೆಂಡಿಕ್ಸ್ ನೋವು ಎಡಗಡೆ ಬರುತ್ತದೆ. ಇಸಿಜಿ ವೈರನ್ನೂ ಬಲಕ್ಕೇ ಹಾಕಬೇಕು.