ಮಧ್ಯಾಹ್ನದ ಹೊತ್ತಿಗೆ ಸರಿಹೋಗುವ ಬೆನ್ನುನೋವು

ಸುಮಾ ಅವರಿಗೆ 32 ವರ್ಷ. ಮಧ್ಯ ಕರ್ನಾಟಕದ ಒಂದು ತಾಲ್ಲೂಕು ಕೇಂದ್ರದಲ್ಲಿ ಖಾಸಗಿ ಪ್ರೌಢಶಾಲೆಯ ವಿಜ್ಞಾನ ಶಿಕ್ಷಕಿ. ಮನೆಯಲ್ಲಿ ಪತಿ, ಆರು ವರ್ಷದ ಮಗ ಮತ್ತು ಅತ್ತೆ ಇದ್ದಾರೆ. (ಹೆಸರನ್ನೂ ಗುರುತು ಸಿಗಬಹುದಾದ ಇತರ ವಿವರಗಳನ್ನೂ ಬದಲಿಸಿದ್ದೇನೆ, ಬರೆಯಲು ಅವರ ಒಪ್ಪಿಗೆಯಿದೆ.) ಅವರನ್ನು ಆಪ್ತಸಮಾಲೋಚಕಿಯಾದ ನನ್ನ ಬಳಿಗೆ ಕಳುಹಿಸಿದವರು ಸಂಧಿವಾತ ತಜ್ಞರು, ಅಂದರೆ ರುಮಟಾಲಜಿಸ್ಟ್. ರೋಗ ಪತ್ತೆಯಾಗಿ ಚಿಕಿತ್ಸೆ ಆರಂಭವಾಗಿದೆ, ಆದರೆ ರೋಗಿಯ ಅಳು ನಿಲ್ಲುತ್ತಿಲ್ಲ ಎಂದು ಚೀಟಿಯಲ್ಲಿ ಬರೆದಿತ್ತು.

ನೋವು ಶುರುವಾದದ್ದು ಬಿ.ಇಡಿ. ಓದುವಾಗ, ಅವರ ಇಪ್ಪತ್ತಮೂರನೆಯ ವಯಸ್ಸಿನಲ್ಲಿ. ಸೊಂಟದ ಕೆಳಗೆ, ಪಿರ್ರೆಯ ಭಾಗದಲ್ಲಿ, ಕೆಲವು ವಾರ ಬಲಕ್ಕೆ, ಕೆಲವು ವಾರ ಎಡಕ್ಕೆ ಬರುತ್ತಿತ್ತು. ಮದುವೆಯಾಗಿ, ಸಿಸೇರಿಯನ್ ಹೆರಿಗೆಯಾದ ಮೇಲೆ ಆ ನೋವಿಗೆ ಮನೆಯವರೆಲ್ಲ ಒಪ್ಪಿದ ಒಂದು ಕಾರಣ ಸಿಕ್ಕಿತು: ಆಪರೇಷನ್ನಿಗೆ ಮುನ್ನ ಬೆನ್ನಿಗೆ ಕೊಟ್ಟ ಇಂಜೆಕ್ಷನ್. ನಮ್ಮಲ್ಲಿ ಈ ನಂಬಿಕೆ ಎಷ್ಟು ಗಟ್ಟಿಯೆಂದರೆ ಹೆರಿಗೆಗಿಂತ ಮೂರು ವರ್ಷ ಮೊದಲೇ ನೋವಿತ್ತೆಂಬುದನ್ನು ಸುಮಾ ಅವರೇ ಮರೆತಿದ್ದರು. ಅರಿವಳಿಕೆಯ ಸೂಜಿ ಚುಚ್ಚಿದ ಜಾಗ ಕೆಲವು ದಿನ ನೋಯಬಹುದು. ವರ್ಷಗಟ್ಟಲೆ ಕಾಡುವ ನೋವಿಗೆ ಅದೇ ಕಾರಣವೆನ್ನಲು ವೈದ್ಯಕೀಯ ಆಧಾರವಿಲ್ಲ. ಮುಂದೆ ಸೊಂಟಕ್ಕೆ ಬೆಲ್ಟ್ ಬಂತು, ಕ್ಯಾಲ್ಸಿಯಂ ಮಾತ್ರೆ ಬಂತು, ಎಣ್ಣೆ ತಿಕ್ಕಿಸಿದ್ದಾಯಿತು. ಎಕ್ಸ್‌ರೇ ತೆಗೆಸಿದಾಗ ಏನೂ ಕಾಣಲಿಲ್ಲ. ಹೋದ ಕಡೆಯಲ್ಲೆಲ್ಲ ವಿಶ್ರಾಂತಿ ತೆಗೆದುಕೊಳ್ಳಿ ಎಂದರು.

ಕೊನೆಗೆ ರೋಗದ ಸುಳಿವು ಸಿಕ್ಕಿದ್ದು ಕಣ್ಣಿನ ವೈದ್ಯರ ಬಳಿ. ಒಂದು ಕಣ್ಣು ಕೆಂಪಾಗಿ, ಬೆಳಕು ನೋಡಲಾಗದಂತೆ ನೋಯುತ್ತಿದೆಯೆಂದು ಹೋದಾಗ ಅವರು ಕಣ್ಣನ್ನು ಪರೀಕ್ಷಿಸಿ, ಬೆಳಿಗ್ಗೆ ಏಳುವಾಗ ಬೆನ್ನು ಬಿಗಿದಿರುತ್ತದೆಯೇ ಎಂದು ಕೇಳಿದರು. ಕಣ್ಣಿನೊಳಗಿನ ಆ ಉರಿಯೂತಕ್ಕೆ ಯುವಿಯೈಟಿಸ್ ಎನ್ನುತ್ತಾರೆ. ಆಂಕೈಲೋಸಿಂಗ್ ಸ್ಪಾಂಡಿಲೈಟಿಸ್ ಎಂಬ ಬೆನ್ನುಮೂಳೆಯ ಉರಿಯೂತ ರೋಗದ ಜೊತೆ ಅದು ಆಗಾಗ ಕಾಣಿಸಿಕೊಳ್ಳುತ್ತದೆ. ಬೆನ್ನುಮೂಳೆಯ ಬುಡವು ಸೊಂಟದ ಮೂಳೆಗೆ ಕೂಡುವ ಕೀಲುಗಳಲ್ಲಿ ಉರಿಯೂತವಿರುವುದು ಎಂಆರ್‌ಐಯಲ್ಲಿ ಕಂಡಿತು, ರಕ್ತ ಪರೀಕ್ಷೆಯಲ್ಲಿ ಈ ರೋಗದೊಂದಿಗೆ ನಂಟಿರುವ ಎಚ್‌ಎಲ್‌ಎ-ಬಿ27 ಎಂಬ ಆನುವಂಶಿಕ ಗುರುತು ಸಿಕ್ಕಿತು. ಒಂಬತ್ತು ವರ್ಷಗಳ ನೋವಿಗೆ ಹೀಗೆ ಹೆಸರು ಸಿಕ್ಕಿತು.

ಈ ರೋಗದ ನಡವಳಿಕೆಯನ್ನು ಸ್ವಲ್ಪ ವಿವರಿಸದೆ ಸುಮಾ ಅವರ ಅಳು ಅರ್ಥವಾಗುವುದಿಲ್ಲ. ಸಾಮಾನ್ಯ ಬೆನ್ನುನೋವು ದುಡಿದರೆ ಹೆಚ್ಚುತ್ತದೆ, ಮಲಗಿದರೆ ಇಳಿಯುತ್ತದೆ. ಇದು ತದ್ವಿರುದ್ಧ. ರಾತ್ರಿಯ ಎರಡನೆಯ ಭಾಗದಲ್ಲಿ ನೋವು ಎಬ್ಬಿಸುತ್ತದೆ. ಬೆಳಿಗ್ಗೆ ಅರ್ಧ ಗಂಟೆಗೂ ಮೀರಿ, ಕೆಲವೊಮ್ಮೆ ಗಂಟೆಗಟ್ಟಲೆ, ಬೆನ್ನು ಬಗ್ಗುವುದಿಲ್ಲ. ಓಡಾಡುತ್ತ ಓಡಾಡುತ್ತ ಬಿಗಿತ ಸಡಿಲವಾಗುತ್ತದೆ. ಆದ್ದರಿಂದ ಮನೆಗೆಲಸದ ಭಾರವೆಲ್ಲ ಬೀಳುವ ಬೆಳಗಿನ ಹೊತ್ತಿನಲ್ಲಿ ಈ ಸೊಸೆಗೆ ಏಳಲಾಗುತ್ತಿರಲಿಲ್ಲ, ಶಾಲೆಗೆ ಹೊರಡುವ ಹೊತ್ತಿಗೆ ನೆಟ್ಟಗೆ ನಡೆಯುತ್ತಿದ್ದಳು, ಮಧ್ಯಾಹ್ನ ಮೆಟ್ಟಿಲು ಹತ್ತಿ ಇಳಿಯುತ್ತಿದ್ದಳು. ಸೋಮಾರಿತನವೆಂದು ತೋರಲು ಇದಕ್ಕಿಂತ ಹೆಚ್ಚಿನ ಸಾಕ್ಷಿ ಬೇಕಿರಲಿಲ್ಲ. ರಾತ್ರಿ ಮೂರು ಗಂಟೆಗೆ ಎದ್ದು ಹಜಾರದಲ್ಲಿ ಅಡ್ಡಾಡುತ್ತಿದ್ದುದನ್ನು ಪತಿ ತಮ್ಮ ಮೇಲಿನ ಕೋಪವೆಂದೇ ಭಾವಿಸಿದ್ದರು.

ಮೊದಲ ಭೇಟಿಯಲ್ಲಿ ಸುಮಾ ಹೇಳಿದರು: "ರಿಪೋರ್ಟ್ ನೋಡಿ ನನಗೆ ಖುಷಿಯಾಯ್ತು ಮೇಡಂ. ವಾಸಿಯಾಗದ ಕಾಯಿಲೆ ಅಂತ ಡಾಕ್ಟರು ಹೇಳ್ತಿದ್ರೆ ಒಳಗೊಳಗೇ ಖುಷಿ. ನನಗೆ ತಲೆ ಕೆಟ್ಟಿದೆಯಾ?" ಆ ಖುಷಿಗೆ ನಾಚಿ ಅಳುತ್ತಿದ್ದರು, ಅದರ ಬೆನ್ನಿಗೇ ಬಂದ ಸಿಟ್ಟಿಗೆ ಹೆದರಿ ಅಳುತ್ತಿದ್ದರು. ವರ್ಷಗಟ್ಟಲೆ ಸುಳ್ಳಿಯೆನಿಸಿಕೊಂಡವರಿಗೆ ರೋಗಪತ್ತೆಯೆಂದರೆ ಮೊದಲು ಖುಲಾಸೆಯ ತೀರ್ಪು, ಆಮೇಲಷ್ಟೇ ರೋಗ. ಈ ಎರಡೂ ಭಾವನೆಗಳನ್ನು ನಾನು ಅನೇಕರಲ್ಲಿ ಕಂಡಿದ್ದೇನೆ, ಅದು ಹುಚ್ಚಲ್ಲ ಎಂದು ತಿಳಿಸಿದೆ. ಖಿನ್ನತೆಯ ಪ್ರಶ್ನಾವಳಿಯನ್ನೂ ತುಂಬಿಸಿದೆ. ಹೆರಿಗೆಯ ನಂತರದ ವರ್ಷ ಬದುಕು ಸಾಕೆನಿಸಿತ್ತು, ಈಗ ಹಾಗಿಲ್ಲ ಎಂದರು. ಆದರೂ ಅಂಥ ಯೋಚನೆ ಮರಳಿದರೆ ತಡಮಾಡದೆ ನನಗೆ ಅಥವಾ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ 14416ಕ್ಕೆ ಕರೆ ಮಾಡಬೇಕೆಂದು, ಪತಿಗೂ ಆ ಸಂಖ್ಯೆ ತಿಳಿದಿರಬೇಕೆಂದು ಒಪ್ಪಿಸಿದೆ.

ಸಿಟ್ಟಿನ ವಿಷಯದಲ್ಲಿ ನಾನು ಕೊಟ್ಟ ಸಲಹೆ ಅವರಿಗೆ ತಕ್ಷಣ ರುಚಿಸಲಿಲ್ಲ. ಕ್ಷಮಿಸಿಬಿಡಿ ಎಂದು ನಾನು ಹೇಳಲಿಲ್ಲ. ಯಾರ ಮೇಲೆ, ಯಾವ ಕಾರಣಕ್ಕೆ ಎಂದು ಬಿಡಿಸಿ ಬರೆಯಲು ಹೇಳಿದೆ. ಈ ರೋಗದಲ್ಲಿ ಎಕ್ಸ್‌ರೇಯಲ್ಲಿ ಬದಲಾವಣೆ ಕಾಣಲು ಎಷ್ಟೋ ವರ್ಷ ಹಿಡಿಯಬಹುದು; ಹಾಗಾಗಿ ಏನೂ ಕಾಣುತ್ತಿಲ್ಲವೆಂದ ವೈದ್ಯರು ಸುಳ್ಳಾಡಿರಲಿಲ್ಲ. ಆದರೆ ಮೂರು ತಿಂಗಳಿಗೂ ಮೀರಿದ ನೋವು ಬೆಳಿಗ್ಗೆ ಹೆಚ್ಚೋ ಸಂಜೆ ಹೆಚ್ಚೋ ಎಂದು ಕೇಳಲು ಯಂತ್ರ ಬೇಕಿರಲಿಲ್ಲ. ಬರೆದು ತಂದಾಗ ಪಟ್ಟಿಯಲ್ಲಿ ವೈದ್ಯರು ಕಡಿಮೆಯಿದ್ದರು, ಮನೆಯವರು ಹೆಚ್ಚಿದ್ದರು.

ಆದ್ದರಿಂದ ಪತಿಯನ್ನೂ ಅತ್ತೆಯನ್ನೂ ಬರಹೇಳಿದೆ. ಅತ್ತೆಯವರು ನೇರವಾಗಿಯೇ ಕೇಳಿದರು: "ನನಗೂ ಮಂಡಿನೋವಿದೆ ಅಮ್ಮ. ಕೆಲಸ ಮಾಡಿದ್ರೆ ಜಾಸ್ತಿ, ಕೂತ್ರೆ ಕಮ್ಮಿ. ಇವಳದ್ದು ಮಾತ್ರ ಮಲಗಿದ್ರೆ ಜಾಸ್ತಿ ಅಂದ್ರೆ ನಂಬೋದು ಹ್ಯಾಗೆ?" ಇದು ಕೆಟ್ಟ ಪ್ರಶ್ನೆಯಲ್ಲ. ಅವರು ತಮ್ಮ ಮಂಡಿಯಿಂದ ಸೊಸೆಯ ಬೆನ್ನನ್ನು ಅಳೆದಿದ್ದರು, ಅಷ್ಟೆ. ಸವೆತದ ನೋವಿಗೂ ಉರಿಯೂತದ ನೋವಿಗೂ ಇರುವ ವ್ಯತ್ಯಾಸವನ್ನು ದಿನದ ಗಂಟೆಗಳನ್ನು ಕಾಗದದ ಮೇಲೆ ಬರೆದು, ಇಬ್ಬರ ನೋವನ್ನೂ ಅಕ್ಕಪಕ್ಕ ಗುರುತಿಸಿ ತೋರಿಸಿದೆ. ಬೆಳಿಗ್ಗೆ ಆರರ ಮುಂದೆ ಒಬ್ಬರ ಗೆರೆ ಮೇಲೆ, ಇನ್ನೊಬ್ಬರದು ಕೆಳಗೆ. ಸಂಜೆ ಆರಕ್ಕೆ ಅದಲುಬದಲು. ಅತ್ತೆ ಬಹಳ ಹೊತ್ತು ಆ ಕಾಗದವನ್ನೇ ನೋಡಿ, "ಹಾಗಾದ್ರೆ ಬೆಳಿಗ್ಗೆ ನಾನು ಮಾಡ್ತೀನಿ, ರಾತ್ರಿದು ಅವಳು ನೋಡ್ಕೊಳ್ಳಲಿ" ಎಂದರು. ನಾನು ಸೂಚಿಸಬೇಕೆಂದಿದ್ದುದು ಇದನ್ನೇ. ಬೆಳಗಿನ ಡಬ್ಬಿಯ ಕೆಲಸದಲ್ಲಿ ಪತಿಯ ಕೈಯೂ ಸೇರಬೇಕೆಂಬುದನ್ನು ಮಾತ್ರ ನಾನೇ ಹೇಳಬೇಕಾಯಿತು.

ಹಾಗೆ ಬಿಡುವಾದ ಬೆಳಗಿನ ಹೊತ್ತು ಮಲಗಲು ಅಲ್ಲ. ಬಿಸಿನೀರಿನ ಸ್ನಾನ, ನಂತರ ಫಿಸಿಯೋಥೆರಪಿಸ್ಟ್ ಕಲಿಸಿದ ವ್ಯಾಯಾಮ. ಈ ರೋಗದಲ್ಲಿ ವ್ಯಾಯಾಮವೂ ಔಷಧಿಯಷ್ಟೇ ಮುಖ್ಯವಾದ ಚಿಕಿತ್ಸೆ. ನೋವಿಲ್ಲದ ದಿನ ಬಾಕಿಯಿದ್ದ ಕೆಲಸವನ್ನೆಲ್ಲ ಒಂದೇ ಸಲ ಮಾಡಿ ಮುಗಿಸಿ, ಮರುದಿನ ಏಳಲಾಗದೆ ಒದ್ದಾಡುವ ಅಭ್ಯಾಸ ಸುಮಾ ಅವರಿಗಿತ್ತು. ತಾನು ಸೋಮಾರಿಯಲ್ಲವೆಂದು ತೋರಿಸುವ ಆತುರ ಅದು. ಒಳ್ಳೆಯ ದಿನವೂ ಕೆಟ್ಟ ದಿನವೂ ಸರಿಸುಮಾರು ಅಷ್ಟೇ ಕೆಲಸವಿರುವಂತೆ ವಾರದ ಪಟ್ಟಿ ಮಾಡಿದೆವು. ಶಾಲೆಗೂ ವೈದ್ಯರ ಪತ್ರ ಕೊಟ್ಟು, ಪರೀಕ್ಷಾ ಮೇಲ್ವಿಚಾರಣೆಯಲ್ಲಿ ಎದ್ದು ಅಡ್ಡಾಡಲು ಅವಕಾಶ ಕೇಳಲು ಹೇಳಿದೆ. ಮುಖ್ಯೋಪಾಧ್ಯಾಯರು ತಕರಾರಿಲ್ಲದೆ ಒಪ್ಪಿದರು.

ಔಷಧಿಯ ಬಗ್ಗೆ ಹೇಳುವುದು ನನ್ನ ಕೆಲಸವಲ್ಲ, ಆದರೆ ಔಷಧಿಯ ಭಯ ನನ್ನ ಕೆಲಸದ ಭಾಗ. ನೋವು ಕಡಿಮೆಯಾದೊಡನೆ, ಕಿಡ್ನಿ ಹಾಳಾಗುತ್ತದೆಂದು ಯಾರೋ ಹೇಳಿದ್ದಕ್ಕೆ, ಅವರು ಮಾತ್ರೆ ನಿಲ್ಲಿಸಿದ್ದರು. ಉರಿಯೂತ ಇಳಿಸುವ ಮಾತ್ರೆಗಳು ಕಿಡ್ನಿ ಮತ್ತು ಹೊಟ್ಟೆಗೆ ತೊಂದರೆ ಕೊಡಬಲ್ಲವು ಎಂಬುದು ನಿಜವೇ. ಆದ್ದರಿಂದಲೇ ವೈದ್ಯರು ಆಗಾಗ ರಕ್ತ ಪರೀಕ್ಷೆ ಮಾಡಿಸುತ್ತಾರೆ. ಪ್ರಶ್ನೆಗಳನ್ನು ಚೀಟಿಯಲ್ಲಿ ಬರೆದು ಅವರನ್ನೇ ಕೇಳಿ, ತಾನಾಗಿ ನಿಲ್ಲಿಸಬೇಡಿ ಎಂದೆ. ಸಂಬಂಧಿಕರೊಬ್ಬರು ತಂದುಕೊಟ್ಟ, ಒಳಗೇನಿದೆಯೆಂದು ತಿಳಿಯದ ಪುಡಿಯನ್ನೂ ಆ ಭೇಟಿಗೆ ಒಯ್ಯಲು ಹೇಳಿದೆ. ಕಣ್ಣು ಮತ್ತೆ ಕೆಂಪಾದರೆ ಕಾಯಕೂಡದು.

ಅವರು ಎಲ್ಲಕ್ಕಿಂತ ತಡವಾಗಿ ಬಾಯಿಬಿಟ್ಟ ಚಿಂತೆ ಮಗನದು. ಎಚ್‌ಎಲ್‌ಎ-ಬಿ27 ತಾಯಿಯಿಂದ ಮಗುವಿಗೆ ಬರುವ ಸಾಧ್ಯತೆ ಸುಮಾರು ಅರ್ಧದಷ್ಟಿದೆ, ಆದರೆ ಅದನ್ನು ಹೊತ್ತವರಲ್ಲಿ ಬಹುಪಾಲು ಜನರಿಗೆ ಈ ರೋಗ ಬರುವುದೇ ಇಲ್ಲ ಎಂದು ತಜ್ಞರು ಅವರಿಗೆ ತಿಳಿಸಿದ್ದಾರೆ. ಲಕ್ಷಣವಿಲ್ಲದ ಮಗುವಿಗೆ ಈಗ ಪರೀಕ್ಷೆ ಬೇಡವೆಂಬ ಅವರ ಮಾತನ್ನು ಸುಮಾ ಒಪ್ಪಿದ್ದಾರೆ, ಅರೆಮನಸ್ಸಿನಿಂದ.

ಈಗ ಅಳು ನಿಂತಿದೆ, ನಿದ್ರೆ ಸುಧಾರಿಸಿದೆ. ಪತಿಯ ಮೇಲಿನ ಮುನಿಸು ಮಾತ್ರ ಹಾಗೆಯೇ ಇದೆ. ಅತ್ತೆಗೆ ತಿಳಿದಿರಲಿಲ್ಲ, ಪಕ್ಕದಲ್ಲೇ ಮಲಗಿದ್ದವರು ಒಂದು ಸಲವಾದರೂ ಏಕೆ ಎದ್ದೆ ಎಂದು ಕೇಳಬಹುದಿತ್ತಲ್ಲ ಎಂಬುದು ಅವರ ಪ್ರಶ್ನೆ, ಅದಕ್ಕೆ ಪತಿಯ ಬಳಿ ಇನ್ನೂ ಉತ್ತರವಿಲ್ಲ. ಮುಂದಿನ ಭೇಟಿಗಳಿಗೆ ಇಬ್ಬರೂ ಜೊತೆಯಾಗಿ ಬರುವುದೆಂದು ನಿಶ್ಚಯವಾಗಿದೆ; ಆ ಮಾತುಕತೆಗೆ ಅತ್ತೆಯವರನ್ನು ಕರೆದಿಲ್ಲ.